ಹಿಮ್ಮಡಿ ಆಪರೇಷನ್ ಆದವರಿಗೆ ರಕ್ತ ಹೆಪ್ಪುಗಟ್ಟುವ ಅಪಾಯ: ಯಾವುದು ನಿಜ, ಯಾವುದು ತಪ್ಪು?

2025ರ ಮೇ, ಜೂನ್‌ನಲ್ಲಿ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹೆಸರು ಹೊತ್ತ ‘ಹಾರ್ಟ್ ಅಟ್ಯಾಕ್’ ಫಾರ್ವರ್ಡ್‌ಗಳು ವಾಟ್ಸಾಪ್‌ನಲ್ಲಿ ತುಂಬಿಹೋಗಿದ್ದವು. ಆಗ ಸರ್ಕಾರ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದಲ್ಲಿ ಸಮಿತಿ ರಚಿಸಿತು. ಸಮಿತಿ ಪರಿಶೀಲಿಸಿದ 24 ಸಾವುಗಳಲ್ಲಿ 4ಕ್ಕೆ ಹೃದಯ ಕಾರಣವೇ ಆಗಿರಲಿಲ್ಲ. ಜಿಲ್ಲೆಯಲ್ಲಿ ಹೃದಯಾಘಾತ ಅಸಹಜವಾಗಿ ಏರಿಲ್ಲ ಎಂದೂ ಅದು ಹೇಳಿತು.

ಕುಸಿದು ಬಿದ್ದವರೆಲ್ಲರಿಗೂ ಹೃದಯಾಘಾತವೇ ಆಗಿರುವುದಿಲ್ಲ. ಹಾಗೆ ಕುಸಿಯಲು ಇನ್ನೊಂದು ಕಾರಣವಿದೆ. ಅದರ ಬಗ್ಗೆ ಫಾರ್ವರ್ಡ್ ಬರುವುದು ಕಡಿಮೆ, ಆದರೆ ಎಚ್ಚರ ವಹಿಸಿದರೆ ಬಹುಪಾಲು ತಡೆಯಬಹುದು. ಅದೇ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶ ಸೇರುವುದು. ಹಾಸನದ ಸಾವುಗಳಿಗೆ ಇದೇ ಕಾರಣ ಎಂದು ನಾವು ಹೇಳುತ್ತಿಲ್ಲ. ಕಾಲಿಗೆ ಆಪರೇಷನ್ ಆಗಿ ಮನೆಯಲ್ಲಿರುವವರಿಗೆ ಇದು ಗೊತ್ತಿರಲೇಬೇಕು, ಅಷ್ಟೇ.

ಹೆಪ್ಪು ಏಕೆ ಕಟ್ಟುತ್ತದೆ?

ಹಿಮ್ಮಡಿಯ ಹಿಂದೆ ಹಗ್ಗದಂತೆ ಕೈಗೆ ಸಿಗುವುದೇ ಅಕಿಲೀಸ್ ಸ್ನಾಯುರಜ್ಜು. ಶಟಲ್, ಕಬಡ್ಡಿ, ಕ್ರಿಕೆಟ್ ಆಡುವಾಗ ಇದು ‘ಟಪ್’ ಎಂದು ಹರಿಯುವುದುಂಟು. ಹೊಲಿಗೆ ಹಾಕಿದ ಮೇಲೆ ಕೆಲವು ವಾರ ಕಾಲು ಪ್ಲಾಸ್ಟರ್‌ನಲ್ಲೋ ಬೂಟ್‌ನಲ್ಲೋ ಇರಬೇಕು.

ನಾವು ನಡೆಯುವಾಗ ಮೀನಖಂಡ ಹಿಂಡಿಕೊಂಡು, ಕಾಲಿನ ರಕ್ತವನ್ನು ಪಂಪ್‌ನಂತೆ ಮೇಲಕ್ಕೆ ತಳ್ಳುತ್ತದೆ. ಕಾಲು ಕಟ್ಟಿಹಾಕಿದಾಗ ಈ ಪಂಪ್ ನಿಲ್ಲುತ್ತದೆ. ರಕ್ತ ನಿಧಾನವಾಗುತ್ತದೆ. ಗಾಯದಿಂದಾಗಿ ರಕ್ತಕ್ಕೆ ಹೆಪ್ಪುಗಟ್ಟುವ ಗುಣವೂ ಹೆಚ್ಚಿರುತ್ತದೆ. ಎರಡೂ ಸೇರಿ ಆಳದ ರಕ್ತನಾಳದಲ್ಲಿ ಹೆಪ್ಪು ಕಟ್ಟಬಹುದು. ಅದು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಾಪಾಯ.

ಎಷ್ಟು ಜನರಿಗೆ ಆಗುತ್ತದೆ?

ಸ್ವೀಡನ್‌ನಲ್ಲಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಹಿಮ್ಮಡಿ ರಜ್ಜು ಹರಿದವರೆಲ್ಲರಿಗೂ ಸ್ಕ್ಯಾನ್ ಮಾಡಿದಾಗ ಸುಮಾರು ಮೂರರಲ್ಲಿ ಒಬ್ಬರಿಗೆ ಹೆಪ್ಪು ಕಂಡಿತು. ಗಾಬರಿ ಬೇಡ: ಹೀಗೆ ಸ್ಕ್ಯಾನ್‌ನಲ್ಲಿ ಕಾಣುವ ಹೆಪ್ಪುಗಳಲ್ಲಿ ಬಹಳಷ್ಟಕ್ಕೆ ಯಾವ ಲಕ್ಷಣವೂ ಇರುವುದಿಲ್ಲ. ಶ್ವಾಸಕೋಶಕ್ಕೆ ಹೋಗುವುದು ಇನ್ನೂ ಅಪರೂಪ.

ಫಾರ್ವರ್ಡ್ ಮಾತುಗಳು, ನಿಜಾಂಶಗಳು

‘ಹಾಸಿಗೆ ಬಿಟ್ಟು ಏಳಲೇಬಾರದು.’ ತಪ್ಪು. ಆಪರೇಷನ್ ಆದ ಕಾಲಿಗೆ ವಿಶ್ರಾಂತಿ ಬೇಕು, ಇಡೀ ದೇಹಕ್ಕಲ್ಲ. ವೈದ್ಯರು ಒಪ್ಪಿದಷ್ಟು ಬೆರಳು ಆಡಿಸಿ, ಊರುಗೋಲು ಹಿಡಿದು ಓಡಾಡಿ, ನೀರು ಕುಡಿಯಿರಿ.

‘ಮೀನಖಂಡ ನೋಯುತ್ತಿದ್ದರೆ ಎಣ್ಣೆ ಹಚ್ಚಿ ನೀವಿ.’ ಅಪಾಯಕಾರಿ. ಹೆಪ್ಪು ಇದ್ದರೆ ತಿಕ್ಕಿದಾಗ ಕಳಚಬಹುದು.

‘ಬೆಳ್ಳುಳ್ಳಿ, ಶುಂಠಿ ಕಷಾಯ ಹೆಪ್ಪು ಕರಗಿಸುತ್ತದೆ.’ ಇದಕ್ಕೆ ಆಧಾರವಿಲ್ಲ. ಚಿಕಿತ್ಸೆಗೆ ಬದಲಾಗಿ ಇದನ್ನು ನಂಬಬೇಡಿ.

‘ಎಲ್ಲರೂ ರಕ್ತ ತೆಳುವಾಗಿಸುವ ಇಂಜೆಕ್ಷನ್ ತೆಗೆದುಕೊಳ್ಳಬೇಕು.’ ಪೂರ್ತಿ ಸರಿಯಲ್ಲ. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡವರ ಮೇಲೆ ನೆದರ್‌ಲೆಂಡ್ಸ್‌ನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇಂಜೆಕ್ಷನ್ ಪಡೆದವರಲ್ಲಿ ಶೇ 1.4, ಪಡೆಯದವರಲ್ಲಿ ಶೇ 1.8 ಮಂದಿಗೆ ಲಕ್ಷಣವಿರುವ ಹೆಪ್ಪು ಕಂಡಿತು. ಗಮನಾರ್ಹ ವ್ಯತ್ಯಾಸವಿಲ್ಲ. ಆದರೆ ಹಿಂದೆ ಹೆಪ್ಪುಗಟ್ಟಿದ್ದವರು, ಕ್ಯಾನ್ಸರ್ ರೋಗಿಗಳು, ಬೊಜ್ಜು ಇರುವವರು, ಗರ್ಭನಿರೋಧಕ ಮಾತ್ರೆ ನುಂಗುವವರು, ಇತ್ತೀಚೆಗೆ ಹೆರಿಗೆಯಾದವರಿಗೆ ಅಪಾಯ ಹೆಚ್ಚು. ಇವನ್ನು ಆಪರೇಷನ್‌ಗೆ ಮೊದಲೇ ವೈದ್ಯರಿಗೆ ತಿಳಿಸಿ. ಅವರು ಬರೆದುಕೊಟ್ಟ ಇಂಜೆಕ್ಷನ್ ಅನ್ನು ನಡುವೆ ನಿಲ್ಲಿಸಬೇಡಿ, ಬರೆಯದ ಆಸ್ಪಿರಿನ್ ನೀವಾಗಿ ನುಂಗಬೇಡಿ.

‘ಎಲ್ಲದಕ್ಕೂ ಕೋವಿಡ್ ಲಸಿಕೆ ಕಾರಣ.’ ಕೋವಿಶೀಲ್ಡ್ ಮಾದರಿಯ ಲಸಿಕೆಯಿಂದ ಅತಿ ವಿರಳವಾಗಿ ಹೆಪ್ಪುಗಟ್ಟಿದ್ದು ನಿಜ. ಆದರೆ ಅದು ಕಾಣಿಸಿದ್ದು ಲಸಿಕೆ ಪಡೆದ ಕೆಲವೇ ವಾರಗಳಲ್ಲಿ, ವರ್ಷಗಳ ನಂತರವಲ್ಲ. ಯುವಜನರ ಹಠಾತ್ ಸಾವಿನ ಬಗ್ಗೆ ಐಸಿಎಂಆರ್ ನಡೆಸಿದ ಅಧ್ಯಯನದಲ್ಲಿ ಲಸಿಕೆಯಿಂದ ಅಪಾಯ ಹೆಚ್ಚಿದ್ದು ಕಂಡುಬಂದಿಲ್ಲ.

ಯಾವಾಗ ಓಡಬೇಕು?

ಒಂದೇ ಕಾಲು ಊದಿಕೊಂಡರೆ, ಮೀನಖಂಡ ಬಿಸಿಯಾಗಿ ನೋಯುತ್ತಿದ್ದರೆ, ಪ್ಲಾಸ್ಟರ್ ಇದ್ದಕ್ಕಿದ್ದಂತೆ ಬಿಗಿಯೆನಿಸಿದರೆ ಅಂದೇ ತೋರಿಸಿ. ಡಾಪ್ಲರ್ ಸ್ಕ್ಯಾನ್‌ನಲ್ಲಿ ಹೆಪ್ಪು ಪತ್ತೆಯಾಗುತ್ತದೆ. ಇದ್ದಕ್ಕಿದ್ದಂತೆ ಏದುಸಿರು, ಉಸಿರೆಳೆದರೆ ಎದೆಯಲ್ಲಿ ಚುಚ್ಚು ನೋವು, ಕೆಮ್ಮಿದರೆ ರಕ್ತ, ತಲೆಸುತ್ತು ಬಂದರೆ ಕಾಯದೆ 108ಕ್ಕೆ ಕರೆ ಮಾಡಿ. ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸುಮ್ಮನಿರಬೇಡಿ. ಆಸ್ಪತ್ರೆಯಲ್ಲಿ ‘ಕಾಲಿಗೆ ಆಪರೇಷನ್ ಆಗಿದೆ’ ಎಂದು ಮೊದಲೇ ಹೇಳಿ. ಹೃದಯಾಘಾತವೋ ಶ್ವಾಸಕೋಶದ ಹೆಪ್ಪೋ ಎಂದು ಬೇಗ ಗುರುತಿಸಲು ಆ ಒಂದು ಮಾತು ವೈದ್ಯರಿಗೆ ನೆರವಾಗುತ್ತದೆ.

ಹಾಸನದಿಂದ ಬೆಂಗಳೂರಿಗೆ ಚೆಕಪ್‌ಗೆ ಕಾರಿನಲ್ಲಿ ಹೋಗುವವರು ಚನ್ನರಾಯಪಟ್ಟಣ, ಕುಣಿಗಲ್‌ನಲ್ಲಿ ನಿಲ್ಲಿಸಿ, ಇಳಿದು, ಊರುಗೋಲಿನಲ್ಲೇ ನಾಲ್ಕು ಹೆಜ್ಜೆ ಹಾಕಿ.

ನಮ್ಮ ತೀರ್ಮಾನ: ಹಿಮ್ಮಡಿ ಆಪರೇಷನ್ ನಂತರ ರಕ್ತ ಹೆಪ್ಪುಗಟ್ಟುವ ಅಪಾಯ ನಿಜ, ಆದರೆ ಲಕ್ಷಣ ಗೊತ್ತಿದ್ದರೆ ಸಕಾಲದಲ್ಲಿ ಚಿಕಿತ್ಸೆ ಸಿಗುತ್ತದೆ. ಭಯ ಹುಟ್ಟಿಸುವ ಫಾರ್ವರ್ಡ್ ಬದಲು ಮೇಲಿನ ಲಕ್ಷಣಗಳನ್ನು ಮನೆಯವರಿಗೆ ಕಳುಹಿಸಿ.