ಒಣನಾಡಿನ ಒದ್ದೆ ರಸ್ತೆ

ಛಾಯಾಚಿತ್ರ ಕಲೆಯೆನಿಸಬೇಕಾದರೆ ಕಪ್ಪು-ಬಿಳುಪಿನಲ್ಲೇ ಇರಬೇಕು, ಬಣ್ಣವೇನಿದ್ದರೂ ಜಾಹೀರಾತಿಗೆ ಎಂದು ಬಲ್ಲವರೇ ನಂಬಿದ್ದ ಕಾಲವೊಂದಿತ್ತು. ಆ ನಂಬಿಕೆಯನ್ನು ಸಡಿಲಿಸಿದವರಲ್ಲಿ ವಿಯೆನ್ನಾದಲ್ಲಿ 1921ರಲ್ಲಿ ಹುಟ್ಟಿದ ಅರ್ನ್‌ಸ್ಟ್ ಹಾಸ್ ಒಬ್ಬರು. 1951ರಲ್ಲಿ ಅಮೆರಿಕ ಸೇರಿದ ಅವರ ವರ್ಣಚಿತ್ರಗಳನ್ನು 1962ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯ ಪ್ರದರ್ಶಿಸಿತು.

1969ರಲ್ಲಿ ಮಳೆ ವಿರಳವಾದ ನ್ಯೂ ಮೆಕ್ಸಿಕೊದ ಅಲ್ಬುಕರ್ಕಿಯಲ್ಲಿ ಅವರು ತೆಗೆದ ‘ರೂಟ್ 66’ ಚಿತ್ರವನ್ನು ನೋಡಿ. ಮೇಲೆ ಮುಗಿಲು, ಕೆಳಗೆ ಒದ್ದೆ ರಸ್ತೆಯಲ್ಲಿ ಅಂಗಡಿ ಫಲಕಗಳ ಬೆಳಕು. ಬಣ್ಣ ತೆಗೆದರೆ ಚಿತ್ರದ ಜೀವವೇ ಹೋದೀತು.

ಆ ಹೆದ್ದಾರಿ 1985ರಲ್ಲಿ ಸರಕಾರಿ ಪಟ್ಟಿಯಿಂದ ಅಳಿಯಿತು. ಮರುವರ್ಷ ಹಾಸ್ ತೀರಿಕೊಂಡರು. ಅವರು ಬಳಸುತ್ತಿದ್ದ ಕೊಡಾಕ್ರೋಮ್ ಫಿಲ್ಮಿನ ತಯಾರಿಕೆ 2009ರಲ್ಲಿ ನಿಂತಿತು. ಉಳಿದದ್ದು ಚಿತ್ರವೊಂದೇ. ನಿಮ್ಮ ಮನೆಯ ಹಳೆಯ ಬಣ್ಣದ ಪಟಗಳನ್ನೂ ಬಿಸಿಲು, ತೇವ ತಾಗದಂತೆ ಎತ್ತಿಡಿ. ಮಾಸಿದ ಬಣ್ಣ ಮರಳಿ ಬಾರದು.