ಬಂದನಂತೆ, ಬಂದಾನು, ಬಂದನೋ ಏನೋ

ದುಬೈನ ಊದ್ ಮೇಥಾ ಮೆಟ್ರೊ ನಿಲ್ದಾಣದ ಆಸುಪಾಸಿನಲ್ಲಿ ಶಾಲೆ ಬಿಡುವ ಹೊತ್ತಿಗೆ ಕನ್ನಡ ಕಿವಿಗೆ ಬಿದ್ದರೆ ಅಚ್ಚರಿಯೇನಿಲ್ಲ. ಫೋನ್ ನೋಡುತ್ತಾ ತಾಯಿಯೊಬ್ಬಳು ‘ಬಸ್ ಬಂತಂತೆ’ ಎಂದರೆ, ಬಸ್ಸನ್ನು ಆಕೆ ಕಂಡಿಲ್ಲ, ಯಾರೋ ತಿಳಿಸಿದ್ದಾರೆ ಎಂಬುದು ಆ ‘ಅಂತೆ’ಯಲ್ಲೇ ಗೊತ್ತಾಗುತ್ತದೆ. ‘ಬಂದಿರಬಹುದು’ ಎಂದರೆ ಅದು ಆಕೆಯದೇ ಊಹೆ. ತುರ್ಕಿಯವರೂ ಕ್ರಿಯಾಪದಕ್ಕೆ ಹೀಗೇ ಬಾಲ ಹಚ್ಚುತ್ತಾರೆ: ‘ಗೆಲ್ದಿ’ ಎಂದರೆ ಬಂದ, ‘ಗೆಲ್ಮಿಶ್’ ಎಂದರೆ ಬಂದನಂತೆ.

ಈ ವ್ಯತ್ಯಾಸವನ್ನು ಗುರುತಿಸಿದವರಲ್ಲಿ ಬಲು ಹಳಬ ಮಹಮೂದ್ ಕಾಶ್ಗರಿ. 1070ರ ದಶಕದಲ್ಲಿ, ಬಾಗ್ದಾದಿನಲ್ಲಿ ಕೂತು ಅರಬ್ಬರಿಗಾಗಿ ತುರ್ಕಿ ನಿಘಂಟು ಬರೆದಾಗಲೇ, ಕಣ್ಣಾರೆ ಕಂಡದ್ದಕ್ಕೊಂದು ರೂಪ, ಕಾಣದ್ದಕ್ಕೊಂದು ರೂಪ ಎಂದು ಆತ ವಿವರಿಸಿದ್ದ. ಪಶ್ಚಿಮದ ವಿದ್ವಾಂಸರು ಇದಕ್ಕೆ ತಲೆಕೊಟ್ಟದ್ದು ಬಹಳ ತಡವಾಗಿ: 1911ರಲ್ಲಿ ಅಮೆರಿಕದ ಮೂಲನಿವಾಸಿಗಳ ನುಡಿಗಳ ಮೂಲಕ ಫ್ರಾನ್ಜ್ ಬೋಯಸ್, 1957ರಲ್ಲಿ ರೋಮನ್ ಯಾಕಬ್ಸನ್.

1982ರಲ್ಲಿ ಡ್ಯಾನ್ ಸ್ಲೋಬಿನ್ ಮತ್ತು ಅಯ್ಹಾನ್ ಅಕ್ಸು ಬರೆದ ಪ್ರಬಂಧ ವಿಷಯವನ್ನು ಇನ್ನಷ್ಟು ಸ್ವಾರಸ್ಯಗೊಳಿಸಿತು. 1974ರಲ್ಲಿ ನಿಕ್ಸನ್ ರಾಜೀನಾಮೆ ಕೊಟ್ಟ ಸುದ್ದಿಯನ್ನು ತುರ್ಕಿಯವರು ‘ದಿ’ ರೂಪದಲ್ಲಿ ಹೇಳಿದರು. ಅದೇ ವರ್ಷ ತಮ್ಮ ಪ್ರಧಾನಿ ಎಜೆವಿತ್ ರಾಜೀನಾಮೆ ಕೊಟ್ಟಾಗ ‘ಮಿಶ್’ ಬಳಸಿದರು. ಎರಡೂ ಕೇಳಿ ತಿಳಿದ ಸುದ್ದಿಯೇ. ಆದರೆ ನಿಕ್ಸನ್ ಹೋಗುವುದು ನಿರೀಕ್ಷಿತ, ಎಜೆವಿತ್ ಹೋದದ್ದು ದಿಢೀರ್. ಹಾಗಾಗಿ ‘ಮಿಶ್’ಗೆ ಬೆರಗೂ ಅಂಟಿದೆ. ಕಣ್ಣೆದುರಿನ ಮಗುವಿಗೇ ತುರ್ಕಿಯವರು ‘ಬುಯುಮುಶ್‌ಸುನ್’ ಎನ್ನುತ್ತಾರೆ. ಕನ್ನಡದ ‘ಅಂತೆ’ ಇಲ್ಲಿ ಕೈಕೊಡುತ್ತದೆ. ನಾವು ‘ಎಷ್ಟು ದೊಡ್ಡವನಾಗಿಬಿಟ್ಟಿದ್ದೀಯೋ!’ ಎಂದು ‘ಬಿಟ್ಟು’ವಿನ ಮೊರೆ ಹೋಗಬೇಕು.

ಸಾಧ್ಯತೆಯ ಮಾತುಗಳ ಹುಟ್ಟೂ ಸೊಗಸಾಗಿದೆ. ಇಂಗ್ಲಿಷಿನ ‘ಮೇ’ ಹಿಂದೊಮ್ಮೆ ಬಲವುಳ್ಳದ್ದು ಎಂಬರ್ಥದ ಪದ. ತುರ್ಕಿಯ ‘ಗೆಲೆಬಿಲಿರ್’ ಒಳಗಿನ ‘ಬಿಲ್’ ಎಂದರೆ ತಿಳಿ. ನಮ್ಮ ‘ಬಹುದು’ ಹುಟ್ಟಿದ್ದು ‘ಬರು’ ಧಾತುವಿನಿಂದ. ಈಜು ‘ಬರುತ್ತದೆ’ ಎನ್ನುವವರಿಗೆ ಇದು ಹೊಸದಲ್ಲ.

ಇಂಗ್ಲಿಷಿನಲ್ಲಿ ಅಧ್ಯಯನದ ದಾರಿಯೇ ಬೇರೆ. ಜಾರ್ಜ್ ಲೇಕಾಫ್ 1972ರಲ್ಲಿ ಮಾತಿನ ಮೊನೆಯನ್ನು ಮೆತ್ತಗೆ ಮಾಡುವ ಪದಗಳತ್ತ ಗಮನ ಸೆಳೆದರು. 1998ರಲ್ಲಿ ಕೆನ್ ಹೈಲ್ಯಾಂಡ್, ವಿಜ್ಞಾನಿಗಳು ತಮ್ಮ ಲೇಖನಗಳಲ್ಲಿ ಎಷ್ಟು ಹುಷಾರಾಗಿ ಹೆಜ್ಜೆಯಿಡುತ್ತಾರೆಂದು ತೋರಿಸಿದರು. 2004ರಲ್ಲಿ ಅಲೆಕ್ಸಾಂಡ್ರಾ ಐಖೆನ್‌ವಾಲ್ಡ್ ಜಗತ್ತಿನ ನೂರಾರು ನುಡಿಗಳನ್ನು ಪಕ್ಕಪಕ್ಕ ಇಟ್ಟು, ಸುದ್ದಿಯ ಮೂಲ ಹೇಳುವುದೇ ಬೇರೆ, ಸಂಶಯಪಡುವುದೇ ಬೇರೆ ಎಂದು ವಾದಿಸಿದರು.

ಕನ್ನಡದಲ್ಲಿ ಕಿಟ್ಟೆಲ್ 1903ರ ವ್ಯಾಕರಣದಲ್ಲೇ ‘ಬಂದಾನು’ ಬಗೆಯ ರೂಪಗಳನ್ನು ದಾಖಲಿಸಿದ್ದರು. ಹೈಸ್ಕೂಲಿನಲ್ಲಿ ‘ಸಂಭಾವನಾರ್ಥಕ’ ಎಂದು ಬಾಯಿಪಾಠ ಮಾಡಿದ್ದು ಇವನ್ನೇ. ಆದರೆ ‘ಬಿದ್ದೀಯ, ಜೋಕೆ!’ ಎನ್ನುವ ಅಜ್ಜಿಗೆ ಆ ಹೆಸರಿನ ಹಂಗಿಲ್ಲ. ‘ಅಂತೆ’ಗೆ ಮಾತ್ರ ನಮ್ಮ ಶಾಲಾ ವ್ಯಾಕರಣ ಇಂಥ ಮಣೆ ಹಾಕಲಿಲ್ಲ; ಅದು ಅನ್ಯಾಯವೇ.

ಹಾಗೆಂದು ‘ಅಂತೆ’ ಸುಮ್ಮನೆ ಕೂತಿಲ್ಲ, ಕನ್ನಡಿಗರ ಇಂಗ್ಲಿಷಿಗೂ ನುಸುಳಿದೆ. ‘ದಿ ಬಸ್ ಕೇಮ್, ಇಟ್ ಸೀಮ್ಸ್’ ಎಂದು ಊದ್ ಮೇಥಾದ ತಾಯಿ ಲಂಡನ್ನಿನ ಪರಿಚಿತೆಗೆ ಹೇಳಿದರೆ, ಆಕೆಗೆ ಕೇಳಿಸುವುದು ಅನುಮಾನ. ತಾಯಿಗೆ ಅನುಮಾನವೇ ಇಲ್ಲ. ಚೀಲ ಹೆಗಲಿಗೇರಿಸಿ ಆಗಲೇ ಗೇಟಿನತ್ತ ಹೊರಟಿರುತ್ತಾಳೆ.