ತೊರಗಲ್ ಸೀಮೆ: ಮಲಪ್ರಭಾ ನೀರಾವರಿ ಮತ್ತು ಬೆಳವಣಿಗೆಯ ಮಿತಿ

ಶಾಸನಗಳ ‘ತೊರಗಲೆ 6000’ ನಾಡಿನ ಹೆಸರನ್ನು ಉಳಿಸಿಕೊಂಡಿರುವ ಸೀಮೆಯಿದು. ತಂತ್ರಜ್ಞಾನ, ಉತ್ಪಾದನೆಗಳ ಕೊನೆಯಿಲ್ಲದ ಏರಿಕೆ ಸಮಾಜಕ್ಕೆ ಒಳಿತೇ ಎಂಬ ಚರ್ಚೆ ಬೆಳವಣಿಗೆಯ ಮಿತಿಯನ್ನು ಕುರಿತ 1972ರ ರೋಮ್ ಕ್ಲಬ್ ವರದಿಯಿಂದ ಜಗತ್ತಿನಲ್ಲಿ ಬಿರುಸಾಯಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಸವದತ್ತಿ ಬಳಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಡ್ಡಲಾಗಿ ಅಣೆಕಟ್ಟು ಎದ್ದಿತು, ಧಾರವಾಡದಲ್ಲಿ ಬಿ.ಎಚ್. ಕಟರ್ಕಿಯವರ ವರಲಕ್ಷ್ಮಿ ಹೈಬ್ರಿಡ್ ಹತ್ತಿ ಹೊರಬಂತು. ನೀರು ಮತ್ತು ಬೀಜ, ಎರಡೂ ಒಟ್ಟಿಗೆ ಬಂದ ಈ ಭಾಗದಲ್ಲಿ ಆ ಪ್ರಶ್ನೆಯನ್ನು ನೆಲದ ಮೇಲೆಯೇ ಪರೀಕ್ಷಿಸಬಹುದು.

ಇಲ್ಲಿನ ಬಹುಭಾಗ ಎರೆಭೂಮಿ. ತೇವವಾದರೆ ಉಬ್ಬುವ, ಒಣಗಿದರೆ ಬಿರಿಯುವ ಈ ಜೇಡಿಮಣ್ಣು ಮಳೆನೀರನ್ನು ತಿಂಗಳುಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಹಿಂಗಾರಿ ಬಿಳಿಜೋಳ, ಜಯಧರ ಹತ್ತಿ ಆ ಹಸಿಯ ಮೇಲೆಯೇ ಬೆಳೆಯುತ್ತಿದ್ದವು. ಕಾಲುವೆ ನೀರು ಪದೇಪದೇ ಹರಿದಾಗ, ಬಸಿಗಾಲುವೆ ಇಲ್ಲದ ಕಡೆ ಅಂತರ್ಜಲ ಮೇಲೇರುತ್ತದೆ. ಆ ನೀರು ಸೂಕ್ಷ್ಮರಂಧ್ರಗಳಲ್ಲಿ ಮೇಲೇರಿ ಆವಿಯಾಗಿ, ಲವಣವನ್ನು ಮೇಲ್ಮಣ್ಣಿನಲ್ಲೇ ಬಿಡುತ್ತದೆ. ಸೋಡಿಯಂ ಹೆಚ್ಚಿದಲ್ಲಿ ಜೇಡಿಯ ಕಣಗಳು ಚದುರಿ ರಂಧ್ರಗಳು ಮುಚ್ಚುವುದರಿಂದ ನೀರು ಕೆಳಗೂ ಇಳಿಯದು. ರೈತರು ಸವಳು, ಜವಳು ಎನ್ನುವುದು ಈ ಸ್ಥಿತಿಗಳನ್ನೇ. ಅಚ್ಚುಕಟ್ಟಿನಲ್ಲಿ ಇದರ ಹರವು ಊರಿಂದ ಊರಿಗೆ ಬೇರೆ. ಆದರೂ ಹೆಚ್ಚು ನೀರೆಂದರೆ ಹೆಚ್ಚು ಇಳುವರಿ ಎಂಬ ಲೆಕ್ಕ ಎರೆಮಣ್ಣಿಗೆ ನೇರವಾಗಿ ಒಪ್ಪುವುದಿಲ್ಲ.

ಅಣೆಕಟ್ಟು ಇಲ್ಲದಿದ್ದರೆ ಬರವೇ ಗತಿಯಾಗುತ್ತಿತ್ತು, ಹುಬ್ಬಳ್ಳಿ-ಧಾರವಾಡಕ್ಕೆ ಕುಡಿಯುವ ನೀರು ಎಲ್ಲಿಂದ ಬರುತ್ತಿತ್ತು ಎಂಬ ಆಕ್ಷೇಪವಿದೆ. ಅದು ತಕ್ಕ ಆಕ್ಷೇಪವೇ. ನೀರಾವರಿಯ ಲಾಭ ಸುಳ್ಳಲ್ಲ. ಆದರೆ ಲಾಭ ಕೈಸೇರುವ ಮುನ್ನವೇ ಬೆಲೆ ಕೇಳಿದರೆ ಏನಾಗುತ್ತದೆಂಬುದನ್ನು ಇದೇ ಅಚ್ಚುಕಟ್ಟಿನ ನರಗುಂದ, ನವಲಗುಂದಗಳು ತೋರಿಸಿದವು. ನೀರು ಮುಟ್ಟದ ಹೊಲಗಳಿಗೂ ಬಂದ ಬೆಟರ್‌ಮೆಂಟ್ ಲೆವಿ (ನೀರಾವರಿಯಿಂದ ಜಮೀನಿನ ಮೌಲ್ಯ ಏರಿತೆಂದು ಹಾಕುವ ಕರ), ಕುಸಿದ ಹತ್ತಿ ದರ, ಬೆಳೆದ ಸಾಲ ಸೇರಿ 1980ರ ಜುಲೈ 21ರಂದು ರೈತರ ಚಳವಳಿ ಗೋಲಿಬಾರಿಗೆ ತಿರುಗಿತು. ಉತ್ತಮ ತಂತ್ರಜ್ಞಾನವೇ ಕೊರತೆ ನೀಗಿಸುತ್ತದೆ ಎಂಬುದು ಮತ್ತೊಂದು ವಾದ. ಹನಿ ನೀರಾವರಿ, ಬಸಿಗಾಲುವೆ ಖಂಡಿತ ನೆರವಾಗುತ್ತವೆ; ಉಳಿಸಿದ ನೀರು ಮತ್ತಷ್ಟು ಕಬ್ಬಿಗೆ ಹರಿದರೆ ಮಾತ್ರ ನದಿಗೆ ಉಳಿತಾಯವಿಲ್ಲ. ನವಿಲುತೀರ್ಥ ಅಣೆಕಟ್ಟಿನ ಜಲಾಶಯ, ಸುಮಾರು 37 ಟಿಎಂಸಿ ಸಾಮರ್ಥ್ಯದ ರೇಣುಕಾಸಾಗರ, ಹಲವು ವರ್ಷ ತುಂಬುವುದೇ ಇಲ್ಲ. ಆದರೆ 2019ರ ಆಗಸ್ಟಿನಲ್ಲಿ ಪ್ರವಾಹ ರಾಮದುರ್ಗಕ್ಕೆ ನುಗ್ಗಿತು. ಒಳಹರಿವಿನ ಕೊರತೆಗೆ ಪರಿಹಾರವಾಗಿ ಮಹದಾಯಿ ಕೊಳ್ಳದ ಕಳಸಾ-ಬಂಡೂರಿ ನಾಲೆಗಳತ್ತ ನೋಡಲಾಗುತ್ತಿದೆ. 2018ರಲ್ಲಿ ಮಹದಾಯಿ ನ್ಯಾಯಮಂಡಳಿ ಅವಕ್ಕೆ ಕೊಟ್ಟದ್ದು 3.9 ಟಿಎಂಸಿ, ಅದೂ ಕುಡಿಯುವ ನೀರಿಗೆ.